ಗಾರೆ ಕಚ್ಚುವವರೆಗೆ

ನಮ್ಮ ಅಡುಗೆಮನೆಯ ಕಂಬ ಬಿರುಕು ಬಿಟ್ಟದ್ದನ್ನು ಮೊದಲು ಕಂಡವರು ನಮ್ಮತ್ತೆ. ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಅಕ್ಕಿಯ ಮೇಲೆ ಬೂದಿಯಂಥ ಪುಡಿ ಉದುರಿತು. ತಲೆಯೆತ್ತಿ ನೋಡಿದರೆ ಕಂಬದ ಮೇಲುತುದಿಯಿಂದ ಕೂದಲೆಳೆಯಂಥ ಗೆರೆಯೊಂದು ಇಳಿದುಬಂದಿತ್ತು. ಅದು ದೀಪಾವಳಿಯ ಸುಮಾರು. ಯುಗಾದಿ ಕಳೆಯುವಷ್ಟರಲ್ಲಿ ಆ ಗೆರೆಯೊಳಗೆ ನನ್ನ ತೋರುಬೆರಳು ಹೋಗುತ್ತಿತ್ತು.

ನಾವಿದ್ದದ್ದು ಪುರಸಭೆಯ ಬಾಡಿಗೆ ಮನೆಗಳಲ್ಲಿ, ಏಳನೆಯ ಬ್ಲಾಕಿನ ಕೆಳಗಿನ ಮನೆಯೊಂದರಲ್ಲಿ. ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಒಟ್ಟು ಇಪ್ಪತ್ನಾಲ್ಕು ಮನೆ. ನಡುವೆ ಬಾವಿಯ ಹಾಗೆ ತಳದಿಂದ ಆಕಾಶದವರೆಗೆ ತೆರೆದ ಜಾಗ. ಎಲ್ಲರ ಅಡುಗೆಮನೆಯ ಕಿಟಕಿಗಳೂ ಅದಕ್ಕೇ ತೆರೆಯುತ್ತಿದ್ದವು. ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೆ, ಒಬ್ಬರ ಮನೆಯ ಜಗಳ ಎಲ್ಲರ ಕಿವಿಗೆ. ನನ್ನ ಗಂಡ ಲಾರಿಯಲ್ಲಿ ದೂರದೂರಿಗೆ ಹೋಗುವವರು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ನಾನು ದರ್ಜಿ ಅಂಗಡಿಯವರು ಕಳಿಸುವ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುತ್ತ ದಿನವೆಲ್ಲ ಆ ಅಡುಗೆಮನೆಯ ಕಿಟಕಿಯ ಕೆಳಗೇ ಕೂತಿರುತ್ತಿದ್ದೆ.

ನಮ್ಮೂರಿನಲ್ಲಿ ರಿಪೇರಿ ಎಂದರೆ ಸುಣ್ಣ, ಮರಳು, ಮೇಸ್ತ್ರಿ ಇಷ್ಟಿದ್ದರೆ ಸಾಲದು. ನಮ್ಮೂರಿನ ಗಾರೆ ಮಾತು ಕೇಳಿಸಿದರೆ ಕಚ್ಚುವುದಿಲ್ಲ. ಕಲಸಿ ಮೆತ್ತಿದ ಮೇಲೆ ಅದು ಗಟ್ಟಿಯಾಗುವವರೆಗೆ ಆ ಗೋಡೆಗಳೊಳಗೆ ಯಾರೂ ಮಾತಾಡಬಾರದು. ಕೆಮ್ಮಿದರೆ, ಸೀನಿದರೆ, ಪಾತ್ರೆ ಬೀಳಿಸಿದರೆ ಅಡ್ಡಿಯಿಲ್ಲ. ಗೊರಕೆಗೂ ಏನೂ ಆಗುವುದಿಲ್ಲ. ಮಾತು ಮಾತ್ರ ಆಗದು, ಪಿಸುಮಾತೂ ಆಗದು. ಮೂಲೆಯ ಇಲಿಬಿಲ ಮುಚ್ಚಲು ಕಾಲು ಗಂಟೆ ಸಾಕು, ಆ ಮನೆಯವರಷ್ಟೇ ಸುಮ್ಮನಿದ್ದರಾಯಿತು. ಒಮ್ಮೆ ನಮ್ಮ ಬಚ್ಚಲಿನ ಗೋಡೆಗೆ ಗಾರೆ ಹಾಕಿಸಿದ್ದಾಗ ನಮ್ಮತ್ತೆ ಹಲ್ಲಿಯೊಂದನ್ನು ಕಂಡು “ಅಗೋ ನೋಡೇ” ಅಂದುಬಿಟ್ಟರು. ಹಾಕಿದ್ದೆಲ್ಲ ಮೊಸರಿನ ಹಾಗೆ ಜಾರಿ ನೆಲಕ್ಕೆ ಬಂತು. ಆದರೆ ಕಂಬವೆಂದರೆ ಇಡೀ ಬ್ಲಾಕಿನ ಭಾರ ಹೊತ್ತದ್ದು. ಅದಕ್ಕೆ ಆರು ಗಂಟೆಗಳ ಕಾಲ ಇಪ್ಪತ್ನಾಲ್ಕು ಮನೆಯೂ ಸುಮ್ಮನಿರಬೇಕು.

ವಸತಿ ಕಚೇರಿಗೆ ಮೂರು ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ಒಂದು ಚೀಟಿ ಕೊಟ್ಟರು. ಎರಡನೆಯ ಸಲ ಹೋದಾಗ ಆ ಚೀಟಿಯ ಮೇಲಿನ ನಂಬರು ಬೇರೆ ಬ್ಲಾಕಿನದು ಎಂದರು. ಮೂರನೆಯ ಸಲ ನಾನು ಕಂಬದಿಂದ ಉದುರಿದ್ದ ಒಂದು ಬೊಗಸೆ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಗುಮಾಸ್ತರ ಮೇಜಿನ ಮೇಲೆ ಸುರಿದೆ. ಮರುದಿನವೇ ಎಂಜಿನಿಯರ್ ಜಯಶೀಲ ಮೇಡಂ ಬಂದರು. ಬಿರುಕಿನೊಳಕ್ಕೆ ಬ್ಯಾಟರಿ ಬಿಟ್ಟು ಕಣ್ಣಿಟ್ಟು ನೋಡಿದರು. ಆಚೆ ಬದಿಯಲ್ಲಿ ಪಕ್ಕದ ಮನೆಯವರ ಒಲೆಯ ಉರಿ ಕಾಣಿಸಿರಬೇಕು. ಅವರ ಮುಖದ ಬಣ್ಣವೇ ಬದಲಾಯಿತು.

“ಯಾವಾಗಿಂದ ಹಿಂಗಿದೆ?”

“ದೀಪಾವಳಿಯಿಂದ, ಮೇಡಂ.”

ಅವರು ಬ್ಯಾಟರಿ ಆರಿಸಿದರು. ಆಮೇಲೆ ಚೀಲದಿಂದ ಒಂದು ನಮೂನೆ ತೆಗೆದು ನನ್ನ ಕೈಗಿಟ್ಟರು. “ಮಳೆಗಾಲ ಶುರುವಾಗೋದಕ್ಕೆ ಮುಂಚೆ ಇದು ಆಗ್ಲೇಬೇಕು ಕಣ್ರೀ. ಇಪ್ಪತ್ನಾಲ್ಕು ಮನೆಯವರೂ ಸಹಿ ಹಾಕ್ಬೇಕು. ಒಂದು ಸಹಿ ಕಡಿಮೆ ಬಿದ್ರೂ ನಾನು ಮೇಸ್ತ್ರಿನ ಕಳ್ಸೋ ಹಾಗಿಲ್ಲ. ಬ್ಲಾಕ್ ಖಾಲಿ ಮಾಡಿಸ್ಬೇಕಾಗುತ್ತೆ.”

ಖಾಲಿ ಮಾಡಿಸುವುದೆಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ಎರಡು ವರ್ಷದ ಹಿಂದೆ ಮೂರನೆಯ ಬ್ಲಾಕನ್ನು ಹಾಗೇ ಖಾಲಿ ಮಾಡಿಸಿದ್ದರು. ಅಲ್ಲಿದ್ದವರಲ್ಲಿ ಕೆಲವರು ಸಂತೆ ಮೈದಾನದ ತಗಡಿನ ಶೆಡ್ಡುಗಳಲ್ಲಿ ಇನ್ನೂ ಇದ್ದಾರೆ. ಉಳಿದವರು ಎಲ್ಲಿ ಹೋದರೆಂದು ಕೇಳಿದರೆ ಹೇಳುವವರಿಲ್ಲ.

ಅವತ್ತು ಸಂಜೆಯೇ ನಮೂನೆ ಹಿಡಿದು ಮನೆಮನೆ ಹತ್ತಿದೆ. ಎಲ್ಲರಿಗಿಂತ ಬೇಗ ಸಹಿ ಹಾಕಿದವನು ಎರಡನೆಯ ಮಹಡಿಯ ತಿಪ್ಪೇಶಿ. ನೂಲಿನ ಗಿರಣಿಯಲ್ಲಿ ಅವನಿಗೆ ಯಾವಾಗಲೂ ರಾತ್ರಿಪಾಳಿ, ಹಗಲು ಮಲಗಬೇಕು. ಅವನ ತಲೆಯ ಮೇಲಿನ ಮನೆಯಲ್ಲೇ ಹಾಲಪ್ಪಣ್ಣ ಇದ್ದದ್ದು.

“ಆರು ಗಂಟೆ ಹೊತ್ತು ಆ ಮುದುಕ ಬಾಯಿ ಮುಚ್ತಾನೆ ಅಂದ್ರೆ ಎಲ್ಲಿ ಬೇಕೋ ಅಲ್ಲಿ ಹಾಕ್ತೀನಿ ಕಣಕ್ಕ ಸಹಿ,” ಅಂದ. “ಮೊದ್ಲು ಅವನ ಕೈಲಿ ಹಾಕ್ಸು. ಅದು ನಿನ್ ಕೈಲಾಗಲ್ಲ.”

ಹಾಲಪ್ಪಣ್ಣ ಮೂವತ್ತೈದು ವರ್ಷ ಊರಿನಲ್ಲಿ ಅಂಚೆಯವರಾಗಿ ಕಾಗದ ಹಂಚಿದವರು. ಅವರ ಹೆಂಡತಿ ಕೊಟ್ರಮ್ಮನಿಗೆ ಎಂಟು ವರ್ಷದ ಹಿಂದೆ ಕಣ್ಣು ಹೋಯಿತು. ಅದರ ಬೆನ್ನಿಗೇ ನೆನಪೂ ಒಂದೊಂದಾಗಿ ಹೋಯಿತು. ಅಕ್ಕತಂಗಿಯರ ಹೆಸರು ಹೋಯಿತು, ತನ್ನ ಹೆಸರು ಹೋಯಿತು, ಊಟ ಮಾಡಿದ್ದು ಬಿಟ್ಟದ್ದು ಹೋಯಿತು. ಉಳಿದದ್ದು ಗಂಡನ ದನಿ ಒಂದೇ. ಆ ದನಿ ಕೇಳುತ್ತಿರುವಷ್ಟು ಹೊತ್ತು ಆಕೆ ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಇರುತ್ತಿದ್ದರು. ದನಿ ನಿಂತರೆ ತಾನೆಲ್ಲೋ ಗೊತ್ತಿಲ್ಲದ ಜಾಗದಲ್ಲಿ ಒಬ್ಬಳೇ ಇದ್ದೇನೆಂದು ಹೆದರಿ ಕೂಗಲು ಶುರು ಮಾಡುತ್ತಿದ್ದರು. ಹಾಗಾಗಿ ಹಾಲಪ್ಪಣ್ಣ ಆಕೆ ಎಚ್ಚರವಾಗಿರುವಷ್ಟು ಹೊತ್ತೂ ಮಾತಾಡುತ್ತಿದ್ದರು. ಎಷ್ಟೆಂದು ಮಾತಾಡುವುದು? ಹೇಳಲು ಏನೂ ಉಳಿಯದೆ ಅವರು ತಮ್ಮ ಕಾಗದದ ಸುತ್ತನ್ನೇ ಹೇಳತೊಡಗಿದ್ದರು. ಸಂತೆಪೇಟೆಯ ಮೊದಲನೇ ಮನೆ ಬಳೆಗಾರ ಖಾದರ್‌ಸಾಬರದು, ಎರಡನೆಯದು ಬೀಗ ಹಾಕಿದ್ದು, ಮೂರನೆಯದರಲ್ಲಿ ಇಬ್ಬರು ಅಣ್ಣತಮ್ಮಂದಿರು, ಕಾಗದ ಬಂದರೆ ಇಬ್ಬರ ಹೆಸರೂ ನೋಡಿ ಕೊಡಬೇಕು, ಹೀಗೆ. ಸಂತೆಪೇಟೆ ಮುಗಿದು ಕಂಚುಗಾರ ಓಣಿ, ಅದು ಮುಗಿದು ನೀರುಬಾಗಿಲು, ಗಾಣದ ಬೀದಿ, ಕೊನೆಗೆ ಕೆರೆ ಏರಿ. ಏರಿ ಮುಗಿದರೆ ಮತ್ತೆ ಸಂತೆಪೇಟೆ. ಆ ದನಿ ಬಾವಿಯಂಥ ತೆರಪಿನಲ್ಲಿ ಇಳಿದು ಎಲ್ಲರ ಅಡುಗೆಮನೆಗೂ ಬರುತ್ತಿತ್ತು. ತಿಪ್ಪೇಶಿ ಅದರ ಮೇಲೆ ಕಚೇರಿಗೆ ಎರಡು ಸಲ ದೂರು ಕೊಟ್ಟಿದ್ದ.

ನಾನು ಹೋದಾಗ ಹಾಲಪ್ಪಣ್ಣ ಕೊಟ್ರಮ್ಮನಿಗೆ ಗಂಜಿ ಕುಡಿಸುತ್ತ ನೀರುಬಾಗಿಲಿನಲ್ಲಿದ್ದರು. ನನ್ನ ಕೈಯಲ್ಲಿನ ನಮೂನೆ ನೋಡಿದವರೇ ತಲೆಯಾಡಿಸಿದರು. ಹೇಳುತ್ತಿದ್ದುದನ್ನು ನಿಲ್ಲಿಸದೆ, ಮನೆಗಳ ನಡುನಡುವೆ ನನಗೆ ಉತ್ತರ ಕೊಟ್ಟರು.

“ಐದನೇದು ಟಪಾಲು ಶ್ಯಾನುಭೋಗರದು. ಆಗಲ್ಲ ಕಣಮ್ಮ ದಾಕ್ಷಾಯಣಿ. ಆರನೇದು ಹೂವಿನ ನಿಂಗವ್ವಂದು. ನಾನು ಸುಮ್ಮನಾದ್ರೆ ಇವಳ ಪಾಲಿಗೆ ನಾನು ಸತ್ತಂಗೆ. ಏಳನೇದು ಹಿತ್ತಲ ಬಾಗಿಲಿಂದ ಹೋಗ್ಬೇಕು.”

“ಒಂದಿನದ ಮಟ್ಟಿಗೆ ಕೊಟ್ರಮ್ಮನ್ನ ಎತ್ಕೊಂಡು ಕೆರೆ ತೋಪಿಗೆ ಕರ್ಕೊಂಡು ಹೋದ್ರೆ ಹೆಂಗಣ್ಣ? ನಾವೆಲ್ಲ ಸೇರಿ ಎತ್ಕೋತೀವಿ.”

ಅವರು ಆಕೆಯ ಸೊಂಟದ ಕಡೆ ಕೈ ತೋರಿಸಿದರು. ಕಳೆದ ವರ್ಷ ಮುರಿದ ಎಲುಬು ಕೂಡಿರಲಿಲ್ಲ. ಮಂಚದಿಂದ ಎತ್ತಿ ಮೆಟ್ಟಿಲು ಇಳಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನು ನಮೂನೆ ಮಡಚಿಕೊಂಡು ಇಳಿದುಬಂದೆ.

ನಾಲ್ಕು ದಿನವಾದ ಮೇಲೆ, ಕೊಟ್ರಮ್ಮ ಮಧ್ಯಾಹ್ನ ನಿದ್ದೆ ಹೋಗಿದ್ದ ಸಮಯ ನೋಡಿ ಹಾಲಪ್ಪಣ್ಣ ತಾವಾಗಿ ನಮ್ಮ ಮನೆಗೆ ಬಂದರು. ಯಾರನ್ನೂ ಏನೂ ಕೇಳದೆ ಅಡುಗೆಮನೆಗೆ ಹೋಗಿ ಕಂಬದ ಮುಂದೆ ನಿಂತರು. ಬಿರುಕಿನೊಳಗೆ ಕೈ ಇಟ್ಟರು. ಅದು ಮಣಿಕಟ್ಟಿನವರೆಗೆ ಹೋಯಿತು. ಅಷ್ಟಗಲ ಆಗಿದ್ದು ನನಗೇ ಗೊತ್ತಿರಲಿಲ್ಲ. ಕೈ ಹೊರಗೆ ತೆಗೆದು ಪಂಚೆಗೆ ಒರೆಸಿಕೊಂಡು, “ಎಲ್ಲಿ ಹಾಕ್ಬೇಕಮ್ಮ?” ಅಂದರು.

“ಅವತ್ತು ಏನ್ ಮಾಡ್ತೀಯಣ್ಣ?”

“ಗೊತ್ತಿಲ್ಲ,” ಎಂದು ಸಹಿ ಹಾಕಿದರು.

ಇಪ್ಪತ್ನಾಲ್ಕು ಸಹಿಯೂ ಆದ ಮೇಲೆ ಕಚೇರಿಯವರು ಮುಂದಿನ ಬುಧವಾರ ದಿನ ಕೊಟ್ಟರು. ಮೇಸ್ತ್ರಿ ಇಮಾಮಸಾಬರು ಏಳು ಗಂಟೆಗೇ ಬಂದು ಕಂಬದ ಸುತ್ತ ಮರದ ಆಸರೆ ನಿಲ್ಲಿಸಿ ಸುಣ್ಣ ಕಲಸಿದರು. ಎಳೆ ಮಕ್ಕಳನ್ನೂ ಮಾತು ತಡೆಯಲಾರದವರನ್ನೂ ಕೆರೆ ತೋಪಿಗೆ ಕಳಿಸಿದ್ದಾಯಿತು. ನಮ್ಮತ್ತೆ ಹೋಗಲು ಒಪ್ಪಲಿಲ್ಲ. ಎಲೆಅಡಿಕೆಯನ್ನು ದವಡೆಯ ಎರಡೂ ಬದಿಗೆ ತುಂಬಿಕೊಂಡು ಮೂಲೆ ಹಿಡಿದು ಕೂತರು. ಇಮಾಮಸಾಬರು ಬ್ಲಾಕಿನ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ತೆರಪಿನ ತಳದಲ್ಲಿ ನಿಂತು ಮೇಲಕ್ಕೆ ಮುಖ ಮಾಡಿ, “ಹೇಳೋದೇನಾದ್ರೂ ಉಳ್ಕೊಂಡಿದ್ರೆ ಈಗ್ಲೇ ಹೇಳ್ಕೊಂಡುಬಿಡ್ರಪ್ಪ,” ಎಂದರು. ನಾಲ್ಕೂ ಮಹಡಿಯಿಂದ ಮಾತು ಸುರಿಯಿತು. ಹಾಲು ಕೆಳಗಿಟ್ಟಿದೀನಿ, ಬೀಗದ ಕೈ ಎಲ್ಲಿ, ಮಾತ್ರೆ ತಗೊಂಡೆಯಾ. ಎಲ್ಲಕ್ಕಿಂತ ಮೇಲೆ ಹಾಲಪ್ಪಣ್ಣನ ದನಿ ಒಂದೇ ಸಮನೆ ಕಂಚುಗಾರ ಓಣಿಯಲ್ಲಿ ನಡೆಯುತ್ತಿತ್ತು. ಸರಿಯಾಗಿ ಎಂಟಕ್ಕೆ ಇಮಾಮಸಾಬರು ಕೈ ಎತ್ತಿದರು. ಎಲ್ಲವೂ ನಿಂತಿತು.

ಇಪ್ಪತ್ತು ವರ್ಷ ಬದುಕಿದ ಕಟ್ಟಡವನ್ನು ನಾನು ಅವತ್ತು ಮೊದಲ ಸಲ ಕೇಳಿದೆ. ಮೇಲಿನ ತೊಟ್ಟಿಯಿಂದ ಕೊಳಾಯಿಗಳಲ್ಲಿ ನೀರು ಇಳಿಯುವುದು, ಯಾರದೋ ಗಡಿಯಾರ, ಪಾರಿವಾಳಗಳ ಉಗುರು ಚಾವಣಿಯ ಮೇಲೆ ಕೆರೆಯುವುದು, ಎಲ್ಲ ಒಂದೊಂದಾಗಿ ಕೇಳಿಸಿತು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸದ್ದಿತ್ತು. ಹಸು ನೀರು ಕುಡಿಯುವಾಗ ಗಂಟಲಲ್ಲಿ ಆಗುವಂಥದ್ದು. ಕಂಬ ಸುಣ್ಣದ ತೇವ ಹೀರಿಕೊಳ್ಳುತ್ತಿತ್ತು. ಇಮಾಮಸಾಬರು ಕರಣಿ ಹಿಡಿದ ಕೈ ನಿಲ್ಲಿಸಿ ನನ್ನ ಕಡೆ ನೋಡಿ, ಕೇಳಿಸಿತೇ ಎನ್ನುವಂತೆ ಹುಬ್ಬು ಹಾರಿಸಿದರು. ಬೀದಿಯಲ್ಲಿ ಸೊಪ್ಪಿನವಳು ಬಂದಳು. ಕೆಂಪು ಬಟ್ಟೆ ನೋಡಿ, ಕೂಗಲು ತೆರೆದ ಬಾಯಿ ಮುಚ್ಚಿಕೊಂಡು, ಬುಟ್ಟಿಯ ಸದ್ದೂ ಆಗದಂತೆ ಹಿಡಿದುಕೊಂಡು ನಮ್ಮ ಬ್ಲಾಕು ದಾಟಿ ಹೋದಳು.

ಬಿರುಕು ತುಂಬಿ, ಮೇಲೆ ಗಾರೆ ಮೆತ್ತಿ, ಕೈಯಿಂದ ಸವರಿ ಮುಗಿಯುವ ಹೊತ್ತಿಗೆ ಹತ್ತು ಗಂಟೆ. ಆಗ ಮೇಲಿನಿಂದ ದನಿ ಬಂತು.

“ಏನ್ರೀ. ಎಲ್ಲಿದೀರ್ರೀ. ಯಾರಾದ್ರೂ ಇದೀರಾ ಇಲ್ಲಿ?”

ರಾತ್ರಿಯೆಲ್ಲ ಹಾಲಪ್ಪಣ್ಣನ ಮಾತು ಕೇಳುತ್ತ ಎಚ್ಚರವಿದ್ದು ಎಂಟರ ಹೊತ್ತಿಗೆ ನಿದ್ದೆ ಹೋಗಿದ್ದ ಕೊಟ್ರಮ್ಮನಿಗೆ ಎಚ್ಚರವಾಗಿತ್ತು. ನನ್ನ ಕಣ್ಣೆದುರೇ ಗಾರೆ ನಡುಗಿತು. ಕಂಬದ ಮೈಯಿಂದ ಕಳಚಿಕೊಂಡು ದಪ್ಪನೆಯ ಪದರವಾಗಿ ಜಾರಿ ಇಮಾಮಸಾಬರ ಪಾದದ ಮೇಲೆ ಬಿತ್ತು. ಅವರು ಕತ್ತೆತ್ತಿ ಮೇಲೆ ನೋಡಲೂ ಇಲ್ಲ. ಪಾದ ಬಿಡಿಸಿಕೊಂಡು, ಬಿದ್ದದ್ದನ್ನು ಬಾಣಲಿಗೆ ಬಳಿದು, ಹೊಸ ಸುಣ್ಣ ಸೇರಿಸಿ ಮತ್ತೆ ಕಲಸಲು ಶುರು ಮಾಡಿದರು. ಬೆರಳು ಎಣಿಸಿ ತೋರಿಸಿದರು. ಇನ್ನು ಇಲ್ಲಿಂದ ಆರು ಗಂಟೆ, ಸಂಜೆ ನಾಲ್ಕರವರೆಗೆ. ತಂದ ಸುಣ್ಣದಲ್ಲಿ ಉಳಿದದ್ದು ಆ ಒಂದು ಬಾಣಲಿಯೇ. ಚೀಲವನ್ನು ತಲೆಕೆಳಗು ಮಾಡಿ ಅದನ್ನೂ ತೋರಿಸಿದರು.

ನಾನು ಮೆಟ್ಟಿಲು ಹತ್ತಿ ಓಡಿದೆ. ಎಲ್ಲ ಮಹಡಿಯಲ್ಲೂ ಜನ ಬಾಗಿಲಿಗೆ ಬಂದು ನಿಂತಿದ್ದರು. ಒಬ್ಬರೂ ಬೈಯುವಂತಿರಲಿಲ್ಲ. ತಿಪ್ಪೇಶಿ ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ನನ್ನ ಹಿಂದೆಯೇ ಹತ್ತಿದ.

ಕೊಟ್ರಮ್ಮ ಮಂಚದ ಮೇಲೆ ಅರ್ಧ ಎದ್ದು ಎರಡೂ ಕೈಯಿಂದ ಗಾಳಿಯನ್ನು ತಡಕುತ್ತಿದ್ದರು. ಮತ್ತೆ ಕೂಗಲು ಬಾಯಿ ತೆರೆದಿದ್ದರು. ಹಾಲಪ್ಪಣ್ಣ ಮಂಚದ ಪಕ್ಕ ಮೊಣಕಾಲೂರಿ ಆ ಕೈಗಳನ್ನು ಹಿಡಿದು, ನಾನು ಇಲ್ಲೇ ಇದ್ದೇನೆ ಎನ್ನುವುದಕ್ಕೋ ಏನೋ, ತಮ್ಮ ಮುಖಕ್ಕೆ ಒತ್ತಿಕೊಂಡರು. ಆಕೆಯ ಬೆರಳು ಮೂಗು, ಮೀಸೆ ಮುಟ್ಟುತ್ತ ತುಟಿಗೆ ಬಂದವು. ಹಾಲಪ್ಪಣ್ಣನ ತುಟಿ ಅಲುಗಿತು. ದನಿಯಿಲ್ಲ, ಉಸಿರೂ ಇಲ್ಲ, ತುಟಿ ಮಾತ್ರ. ಕೊಟ್ರಮ್ಮನ ಬೆರಳು ಅಲ್ಲೇ ನಿಂತವು. ತೆರೆದಿದ್ದ ಬಾಯಿ ನಿಧಾನವಾಗಿ ಮುಚ್ಚಿತು. ನಾನು ಬಾಗಿಲಲ್ಲಿ ನಿಂತು ಆ ತುಟಿಗಳನ್ನೇ ನೋಡುತ್ತಿದ್ದೆ. ಕಿವಿಗೆ ಬಿದ್ದಷ್ಟೇ ಸ್ಪಷ್ಟವಾಗಿ ಗೊತ್ತಾಯಿತು. ಸಂತೆಪೇಟೆ, ಮೊದಲನೇ ಮನೆ, ಬಳೆಗಾರ ಖಾದರ್‌ಸಾಬರದು.

ಇಳಿದು ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬೊಬ್ಬರಾಗಿ ಬಂದು ಕೋಣೆಯ ಗೋಡೆಗೆ ಒರಗಿ ಕೂತರು, ಜಾಗವಿಲ್ಲದವರು ಮೆಟ್ಟಿಲ ಮೇಲೆ ಕೂತರು. ಹಾಲಪ್ಪಣ್ಣ ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ತೊಡಗಿದರು. ನೀರು ಕುಡಿಯಲು ತುಟಿ ನಿಲ್ಲಿಸಿದರೆ ಸಾಕು, ಕೊಟ್ರಮ್ಮನ ಕತ್ತಿನ ನರ ಬಿಗಿಯುತ್ತಿತ್ತು, ಬಾಯಿ ತೆರೆಯುತ್ತಿತ್ತು. ಅವರು ಚೊಂಬು ಕೆಳಗಿಟ್ಟು ಮತ್ತೆ ಶುರು ಮಾಡುತ್ತಿದ್ದರು. ಹನ್ನೆರಡೂವರೆಯ ಹೊತ್ತಿಗೆ ಅವರ ತುಟಿ ಒಡೆದು ರಕ್ತ ಕಾಣಿಸಿತು. ದವಡೆ ನಡುಗುತ್ತಿತ್ತು. ಹಿಂದಿನ ದಿನದಿಂದ ಅವರು ಕಣ್ಣು ಮುಚ್ಚಿರಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನೀರುಬಾಗಿಲಿನ ನಡುವೆ ಒಮ್ಮೆ ತೂಗಿ ಮಂಚದ ಮೇಲೆ ಬಿದ್ದಂತಾದರು.

ಏನು ಮಾಡುತ್ತಿದ್ದೇನೆಂದು ಯೋಚಿಸದೆ ನಾನು ಹೋಗಿ ಪಕ್ಕದಲ್ಲಿ ಕೂತೆ. ಕೊಟ್ರಮ್ಮನ ಕೈಯನ್ನು ಅವರ ತುಟಿಯಿಂದ ತೆಗೆದು ನನ್ನ ತುಟಿಯ ಮೇಲಿಟ್ಟುಕೊಂಡೆ. ಒಣಗಿದ, ಹಗುರವಾದ ಬೆರಳುಗಳು. ಅವು ಮೀಸೆ ಇರಬೇಕಾದ ಜಾಗವನ್ನು ಒಮ್ಮೆ ಸವರಿ ತಡೆದವು. ಟಪಾಲು ಶ್ಯಾನುಭೋಗರ ಮನೆ, ಎಂದೆ ತುಟಿಯಲ್ಲಿ. ಮುಂದಿನದು ಹೂವಿನ ನಿಂಗವ್ವಂದು. ಅದರ ಮುಂದಿನದಕ್ಕೆ ಹಿತ್ತಲ ಬಾಗಿಲಿಂದ ಹೋಗಬೇಕು. ಬೆರಳು ಕದಲಲಿಲ್ಲ. ನಾನು ಮುಂದೆ ಹೋದೆ. ಒಂದೊಂದು ಮನೆಯೂ ತಾನಾಗಿ ನಾಲಗೆಗೆ ಬರುತ್ತಿತ್ತು. ಆ ಬೀದಿಗಳಲ್ಲಿ ಅರ್ಧಕ್ಕೆ ನಾನು ಕಾಲಿಟ್ಟವಳೇ ಅಲ್ಲ. ಕಾಜಾ ಹಾಕುತ್ತ, ಎಂದು ಮುಗಿಯುತ್ತದೋ ಈ ಗೊಣಗು ಎಂದು ಮನಸ್ಸಿನಲ್ಲೇ ಶಪಿಸುತ್ತ ಕೂತಿದ್ದ ಎಂಟು ವರ್ಷದಲ್ಲಿ ಅಷ್ಟೂ ನನ್ನೊಳಗೆ ಇಳಿದು ಕೂತಿತ್ತು.

ಕೆರೆ ಏರಿ ಮುಗಿಯುವಷ್ಟರಲ್ಲಿ ನನಗೂ ತುಟಿ ಮರಗಟ್ಟಿತು. ತಲೆಯೆತ್ತಿದರೆ ಮೊದಲ ಮಹಡಿಯ ಗುರುಬಸಮ್ಮ ಪಕ್ಕಕ್ಕೆ ಬಂದು ಕೂತಿದ್ದಳು. ಕೊಟ್ರಮ್ಮನ ಕೈಯನ್ನು ತನ್ನ ತುಟಿಗೆ ತೆಗೆದುಕೊಂಡು ಸಂತೆಪೇಟೆಯಿಂದ ಹೊರಟಳು. ಅವಳಿಗೂ ಬರುತ್ತಿತ್ತು. ಅವಳಾದ ಮೇಲೆ ಅವಳ ಗಂಡ. ಆಮೇಲೆ ನಮ್ಮತ್ತೆ, ಎಲೆಅಡಿಕೆ ಉಗಿದು ಬಾಯಿ ತೊಳೆದುಕೊಂಡು ಬಂದು, ಇಡೀ ಕಂಚುಗಾರ ಓಣಿಯನ್ನು ಒಂದು ಮನೆ ಬಿಡದೆ ಹೇಳಿದರು. ಬಂದವರಲ್ಲಿ ಯಾರೊಬ್ಬರೂ ತಡವರಿಸಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಗುರುಬಸಮ್ಮನ ಕಣ್ಣಲ್ಲಿ ನೀರಿತ್ತು.

ಮೂರು ಗಂಟೆ ದಾಟಿದ ಮೇಲೆ ಬಾಗಿಲಲ್ಲೇ ನಿಂತಿದ್ದ ತಿಪ್ಪೇಶಿ ಒಳಗೆ ಬಂದ. ಲುಂಗಿ ಕೆಳಗಿಳಿಸಿ, ಮಂಚದ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತ. ಕೊಟ್ರಮ್ಮನ ಬೆರಳು ಅವನ ಮೀಸೆಯನ್ನು ಮುಟ್ಟಿ ನೋಡಿದವು. ಅವನು ಹೇಳತೊಡಗಿದ. ಯಾವ ಮನೆಯ ಮುಂದೆ ಹಾಲಪ್ಪಣ್ಣ ಕೆಮ್ಮಲು ನಿಲ್ಲುತ್ತಿದ್ದರೋ ಅಲ್ಲಿ ಅವನೂ ಅಷ್ಟೇ ಹೊತ್ತು ನಿಲ್ಲುತ್ತಿದ್ದ. ನಿದ್ದೆ ಬರದೆ ಹೊರಳಾಡಿದ ಅಷ್ಟು ಹಗಲಿನಲ್ಲಿ ಅವನು ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತಿದ್ದ.

ನಾಲ್ಕು ಗಂಟೆಗೆ ಕೆಳಗೆ ಇಮಾಮಸಾಬರು ಕರಣಿಯ ಹಿಡಿಯಿಂದ ಕಂಬಕ್ಕೆ ಒಂದು ಏಟು ಹಾಕಿದರು. ಕಂಚಿನ ಪಾತ್ರೆಗೆ ಹೊಡೆದಂಥ ನಾದ ಎದ್ದು, ಗೋಡೆಯಲ್ಲಿ ಹತ್ತಿ, ನಾವು ಕೂತಿದ್ದ ನೆಲದಲ್ಲಿ ಹಾದುಹೋಯಿತು. ಕೊಟ್ರಮ್ಮನೂ ತಲೆ ಸ್ವಲ್ಪ ಓರೆ ಮಾಡಿದರು. ಗಾರೆ ಕಚ್ಚಿತ್ತು. ಇನ್ನು ಮಾತಾಡಬಹುದಿತ್ತು.

ಎಲ್ಲರೂ ಉಸಿರು ಬಿಟ್ಟು ಬಾಯಿ ತೆರೆಯುವಷ್ಟರಲ್ಲಿ ನಾನು ಹಾಲಪ್ಪಣ್ಣನನ್ನು ಹುಡುಕಿದೆ. ಕೋಣೆಯಲ್ಲಿರಲಿಲ್ಲ. ನೀರು ಕುಡಿಯಲೆಂದು ಹೊರಗೆ ಹೋದವರು ಮೆಟ್ಟಿಲ ಮೇಲೆ ಕೂತಲ್ಲೇ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಒಡೆದ ತುಟಿ ಸ್ವಲ್ಪ ತೆರೆದಿತ್ತು, ಚೊಂಬು ಮಡಿಲಲ್ಲಿತ್ತು. ಹಗಲಿನಲ್ಲಿ ಅವರು ಮಲಗಿದ್ದನ್ನು ಎಂಟು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. ನಾನು ಒಳಗಿದ್ದವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟೆ. ಕೆಂಪು ಬಟ್ಟೆ ಬಿಚ್ಚಿಕೊಂಡು, ಸುದ್ದಿ ಹೇಳಲು ಮೆಟ್ಟಿಲು ಹತ್ತಿ ಬರುತ್ತಿದ್ದ ಇಮಾಮಸಾಬರು ಅವರನ್ನು ನೋಡಿ ಅಲ್ಲೇ ಚಪ್ಪಲಿ ಬಿಟ್ಟು, ಅವರಿಗಿಂತ ನಾಲ್ಕು ಮೆಟ್ಟಿಲು ಕೆಳಗೆ ಕೂತರು. ತೋಪಿನಿಂದ ಮರಳಿದವರೂ ಮೆಟ್ಟಿಲ ಮೇಲೆ ಕೂತಿದ್ದವರನ್ನು ಕಂಡು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಬಂದರು. ಇಡೀ ಬ್ಲಾಕು ಮತ್ತೆ ಸುಮ್ಮನಾಯಿತು. ತಿಪ್ಪೇಶಿ ದನಿ ತೆಗೆಯದೆ ತುಟಿಯಲ್ಲೇ ಹೇಳುತ್ತ ಹೋದ.

ಬಿಸಿಲು ತೆರಪಿನ ಗೋಡೆಯನ್ನು ಬಿಟ್ಟು ಹೋಗುವ ಹೊತ್ತಿಗೆ ಹಾಲಪ್ಪಣ್ಣನಿಗೆ ಎಚ್ಚರವಾಯಿತು. ಗಾಬರಿಯಿಂದ ಎದ್ದು ಒಳಗೆ ಬಂದವರು ಮಂಚದ ಪಕ್ಕ ಕೂತಿದ್ದ ತಿಪ್ಪೇಶಿಯನ್ನೂ ಅವನ ತುಟಿಯ ಮೇಲಿದ್ದ ಹೆಂಡತಿಯ ಕೈಯನ್ನೂ ನೋಡಿ ಹೊಸ್ತಿಲಲ್ಲೇ ನಿಂತರು.

“ಎಲ್ಲಿಗೆ ಬಂತು?” ಎಂದರು ಆಮೇಲೆ.

ತಿಪ್ಪೇಶಿ ಗಂಟಲು ಸರಿಮಾಡಿಕೊಂಡ. ದಿನವಿಡೀ ಬಳಸದ ದನಿ ಅರ್ಧಂಬರ್ಧ ಹೊರಟಿತು. “ಗಾಣದ ಬೀದಿ ಕಣಣ್ಣ. ಮೂರನೇ ಮನೆ.”

ಕೊಟ್ರಮ್ಮ ಅವನ ತುಟಿಯಿಂದ ಕೈ ತೆಗೆಯದೆಯೇ, ಅವನ ಕಡೆಗೇ ಮುಖ ಮಾಡಿ ಹೇಳಿದರು. “ಆ ಮನೇಲಿ ನಾಯಿ ಐತೆ. ನೋಡ್ಕೊಂಡು ಹೋಗು ಮಗ.”